ನೆಗೆಟಿವ್ ಸವೆಯುವುದಿಲ್ಲ

1920ರಲ್ಲಿ ಪ್ಯಾರಿಸಿನ ಅರವತ್ತಮೂರು ವರ್ಷದ ಫೋಟೋಗ್ರಾಫರ್ ಒಬ್ಬರು ತಮ್ಮ 2,621 ಗಾಜಿನ ನೆಗೆಟಿವ್‌ಗಳನ್ನು ಫ್ರೆಂಚ್ ಸರ್ಕಾರಕ್ಕೆ 10,000 ಫ್ರಾಂಕಿಗೆ ಮಾರಿದರು. ಭಾಗಿಸಿ ನೋಡಿ, ಒಂದು ಗಾಜಿಗೆ ನಾಲ್ಕು ಫ್ರಾಂಕೂ ಬೀಳುವುದಿಲ್ಲ. ಹಳೆಯ ಪ್ಯಾರಿಸಿನ ಬೀದಿ, ಒಳಾಂಗಳ, ಮೆಟ್ಟಿಲು, ಬಾಗಿಲು ಬಡಿಯುವ ಲೋಹದ ಬಳೆ, ಅಂಗಡಿಯ ಮುಂಗಟ್ಟು, ಕಬ್ಬಿಣದ ಜಾಲರಿ ಎಲ್ಲವೂ ಆ ಗಾಜುಗಳಲ್ಲಿದ್ದವು. ಅವರ ಹೆಸರು ಯುಜೀನ್ ಅಟ್ಜೆ. ಇವತ್ತು ಅವರ ಕೈಯಾರೆ ಹಾಕಿದ ಒಂದು ಪ್ರಿಂಟ್ ಹರಾಜಿಗೆ ಬಂದರೆ ಕೂಗು ಶುರುವಾಗುವುದೇ ಸಾವಿರಾರು ಡಾಲರಿನಿಂದ. ಆದರೆ ‘ಹದಿನೈದರಲ್ಲಿ ಮೂರನೆಯದು’ ಎಂದು ಪ್ರತಿಗಳ ಮಿತಿ ಸಾರುವಂಥ ಬರಹ ಆ ಪ್ರಿಂಟಿನ ಮುಂದೆಯೂ ಇರುವುದಿಲ್ಲ, ಹಿಂದೆಯೂ ಇರುವುದಿಲ್ಲ.

ನಾನು ಬೆಂಗಳೂರಿನ ಒಂದು ಪತ್ರಿಕೆಯ ಡಾರ್ಕ್‌ರೂಮಿನಲ್ಲಿ ದುಡಿದವನು. ಬೇರೆಯವರು ತೆಗೆದು ತಂದ ರೋಲು ತೊಳೆದು ಪ್ರಿಂಟ್ ಹಾಕುವುದು ನನ್ನ ಕೆಲಸ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ ‘ಇಂದು’ ಪೇಪರ್, ಅದೃಷ್ಟವಿದ್ದ ದಿನ ಅಗ್ಫಾ ಬ್ರೊವಿರಾ. ನಮಗಿದ್ದ ಪ್ರಶ್ನೆ ಒಂದೇ: ಎಷ್ಟು ಕಾಪಿ? ಬ್ಲಾಕ್ ಮಾಡುವವರಿಗೆ ಒಂದು, ಲೈಬ್ರರಿಗೆ ಒಂದು, ಫೋಟೋದಲ್ಲಿ ಹಾರ ಹಾಕಿಸಿಕೊಂಡ ಮಂತ್ರಿಗಳ ಮನೆಗೆ ಒಂದು ಡಜನ್. ಸಾಲದಿದ್ದರೆ ನಾಳೆ ಇನ್ನಷ್ಟು. ಕಾಪಿ ಕಡಿಮೆಯಾದಷ್ಟೂ ಬೆಲೆ ಜಾಸ್ತಿ ಎಂದು ಆಗ ಯಾರಾದರೂ ಹೇಳಿದ್ದರೆ ನಮ್ಮ ಹಿರಿಯ ಪ್ರಿಂಟರು ‘ಮನೆಗೆ ಹೋಗಿ ಮಲಗಪ್ಪ’ ಎನ್ನುತ್ತಿದ್ದರು. ನಿವೃತ್ತನಾಗಿ, ಜರ್ಸಿ ಸಿಟಿಯಲ್ಲಿರುವ ಮಗಳ ಮನೆಗೆ ಹೋಗಿಬರತೊಡಗಿದ ಮೇಲೆ ಒಂದು ಸಂಗತಿ ಗೊತ್ತಾಯಿತು. ನದಿಯಾಚೆಯ ನ್ಯೂಯಾರ್ಕಿನಲ್ಲಿ ಹರಾಜಿಗೆ ಮುಂಚೆ ಪ್ರಿಂಟ್‌ಗಳನ್ನು ನೋಡಲು ಇಡುತ್ತಾರೆ. ಅದಕ್ಕೆ ಟಿಕೆಟ್ ಇಲ್ಲ, ದುಡ್ಡಿದ್ದವನ ಮುಖವೂ ಬೇಕಿಲ್ಲ. ವಿನಯವಾಗಿ ಕೇಳಿದರೆ ಚೌಕಟ್ಟಿನಿಂದ ತೆಗೆದು ಬೆನ್ನನ್ನೂ ತೋರಿಸುತ್ತಾರೆ. ಹುಚ್ಚು ಹಿಡಿದದ್ದು ಅಲ್ಲಿ. ಕೊಂಡಿರುವುದು ಕಡಿಮೆ, ನೋಡಿರುವುದು ಬಹಳ.

ಅಟ್ಜೆ ಹುಟ್ಟಿದ್ದು 1857ರಲ್ಲಿ, ಬೋರ್ಡೊ ಸಮೀಪದ ಲಿಬೂರ್ನ್ ಪಟ್ಟಣದಲ್ಲಿ. ನಾಟಕದವರ ಜೊತೆ ಊರೂರು ಅಲೆದ ಸಣ್ಣ ಪಾತ್ರಧಾರಿ. ಅದು ಕೈಹತ್ತದಿದ್ದಾಗ ಕ್ಯಾಮೆರಾ ಹಿಡಿದರು. 18×24 ಸೆಂಟಿಮೀಟರ್ ಗಾಜು ಹಿಡಿಸುವ ಮರದ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಪ್ಲೇಟುಗಳ ಪೆಟ್ಟಿಗೆ, ಎಲ್ಲವನ್ನೂ ಹೆಗಲಿಗೇರಿಸಿ ಮೂವತ್ತು ವರ್ಷ ಒಂದೇ ನಗರವನ್ನು ಸುತ್ತಿದರು. ಎನ್‌ಲಾರ್ಜರಿನ ಗೊಡವೆಯೇ ಇಲ್ಲ. ನೆಗೆಟಿವ್‌ಗೆ ಪೇಪರನ್ನು ಅಂಟಿದಂತೆ ಇಟ್ಟು, ಚೌಕಟ್ಟಿನಲ್ಲಿ ಬಿಗಿದು ಬಿಸಿಲಿಗಿಡುವುದು. ಮೊಟ್ಟೆಯ ಬಿಳಿ ಲೇಪಿಸಿದ ಆಲ್ಬುಮಿನ್ ಪೇಪರಿಗೆ ಡೆವಲಪರ್ ಬೇಡ. ಬೆಳಕೇ ಚಿತ್ರವನ್ನು ಕಣ್ಣೆದುರು ಕಪ್ಪಾಗಿಸುತ್ತದೆ. ಚಿತ್ರವನ್ನು ಸ್ಥಿರಗೊಳಿಸುವ ಹೈಪೋ ದ್ರಾವಣದಲ್ಲಿ ಬಣ್ಣ ಇಳಿಯುವುದರಿಂದ ಬೇಕಾದ್ದಕ್ಕಿಂತ ಒಂದು ಪಾಲು ಹೆಚ್ಚೇ ಕಪ್ಪಾಗಲು ಬಿಡಬೇಕು, ಚಿನ್ನದ ಲವಣದಲ್ಲಿ ಟೋನ್ ಮಾಡಬೇಕು, ಆಮೇಲೆ ತೊಳೆಯುತ್ತಲೇ ಇರಬೇಕು. ಮೋಡ ಕವಿದ ದಿನ ಒಂದು ಪ್ರಿಂಟಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಕೆಂಪು ಬಲ್ಬಿನಡಿ ನಿಮಿಷಕ್ಕೊಂದು ಪ್ರಿಂಟ್ ಎಳೆದವನಿಗೆ ಈ ತಾಳ್ಮೆಯನ್ನು ನೆನೆದರೆ ಕೈ ಮುಗಿಯಬೇಕೆನಿಸುತ್ತದೆ.

ಅಟ್ಜೆ ಪ್ರಿಂಟ್‌ಗಳಲ್ಲಿ ಒಂದು ಅಂಕಿ ಇರುತ್ತದೆ, ನಿಜ. ನೆಗೆಟಿವ್‌ನ ಮೂಲೆಯಲ್ಲಿ ಗೀರಿದ ಸಂಖ್ಯೆ ಪ್ರಿಂಟಿನಲ್ಲೂ ಮೂಡುತ್ತದೆ. ಬೆನ್ನಿಗೆ ಪೆನ್ಸಿಲಿನಲ್ಲಿ ಜಾಗದ ಹೆಸರು ಮತ್ತು ಅದೇ ಸಂಖ್ಯೆ. ಹೊಸಬರು ಅದನ್ನು ಕಂಡು ‘ಓ, ನಂಬರ್ ಹಾಕಿದ ಪ್ರತಿ’ ಎಂದು ಹಿಗ್ಗುವುದನ್ನು ನೋಡಿದ್ದೇನೆ. ಅದು ಅಂಗಡಿಯವನ ದಾಸ್ತಾನು ಸಂಖ್ಯೆ, ಅಷ್ಟೇ. ಚಿತ್ರಕಾರರು, ನಾಟಕದ ಪರದೆ ಬರೆಯುವವರು, ಮನೆ ಅಲಂಕಾರದವರು, ಕಾರ್ನವಾಲೆ ವಸ್ತುಸಂಗ್ರಹಾಲಯ, ನಗರದ ಇತಿಹಾಸ ಗ್ರಂಥಾಲಯ, ಇವರೆಲ್ಲ ಅವರ ಗಿರಾಕಿಗಳು. ಗಿರಾಕಿ ಕೇಳಿದ ಸಂಖ್ಯೆಯ ಗಾಜು ಹುಡುಕಿ ಬಿಸಿಲಿಗಿಡುತ್ತಿದ್ದರು. ಎಷ್ಟು ಸಲ ಕೇಳಿದರೆ ಅಷ್ಟು ಸಲ.

ಅವರು ವಾಸವಿದ್ದ ಕಾಂಪೇನ್ ಪ್ರಮಿಯೇರ್ ಬೀದಿಯಲ್ಲೇ ಅಮೆರಿಕದ ಕಲಾವಿದ ಮ್ಯಾನ್ ರೇ ಸ್ಟುಡಿಯೋ ಇತ್ತು. ಅವರು ಅಟ್ಜೆಯ ಕೆಲವು ಪ್ರಿಂಟ್ ಕೊಂಡರು. 1912ರ ಸೂರ್ಯಗ್ರಹಣವನ್ನು ಜನ ಬೀದಿಯಲ್ಲಿ ನಿಂತು ತಲೆಯೆತ್ತಿ ನೋಡುತ್ತಿರುವ ಚಿತ್ರ 1926ರಲ್ಲಿ ಸರ್ರಿಯಲಿಸ್ಟರ ಪತ್ರಿಕೆಯೊಂದರ ಮುಖಪುಟಕ್ಕೆ ಬಂತು. ನನ್ನ ಹೆಸರು ಹಾಕಬೇಡಿ, ಇವು ಬರೀ ದಾಖಲೆ ಎಂದರಂತೆ ಅಟ್ಜೆ. ಮ್ಯಾನ್ ರೇಗೆ ಡಾರ್ಕ್‌ರೂಮ್ ಸಹಾಯಕಿಯಾಗಿದ್ದ ಬೆರನಿಸ್ ಆಬಟ್ ಎಂಬ ಹುಡುಗಿ 1927ರಲ್ಲಿ ಅಟ್ಜೆಯನ್ನು ಕೂರಿಸಿ ಫೋಟೋ ತೆಗೆದರು. ಪ್ರಿಂಟ್ ತೋರಿಸಲು ಹೋಗುವಷ್ಟರಲ್ಲಿ ಮುದುಕರು ತೀರಿಕೊಂಡಿದ್ದರು. ಉಳಿದಿದ್ದ ಸಾವಿರಕ್ಕೂ ಹೆಚ್ಚು ನೆಗೆಟಿವ್, ಸಾವಿರಾರು ಪ್ರಿಂಟ್‌ಗಳನ್ನು ಆಬಟ್ ಕೊಂಡು ನ್ಯೂಯಾರ್ಕಿಗೆ ಸಾಗಿಸಿದರು. ಜೂಲಿಯನ್ ಲೆವಿ ಎಂಬ ತರುಣ ಪಾಲುದಾರನಾದ. ಆತ 1931ರಲ್ಲಿ ನ್ಯೂಯಾರ್ಕಿನಲ್ಲಿ ಗ್ಯಾಲರಿ ತೆರೆದು ಫೋಟೋಗಳನ್ನು ಗೋಡೆಗೆ ತೂಗುಹಾಕಿದ. ಜನ ನೋಡಿದರು, ಕೊಳ್ಳಲಿಲ್ಲ. ಕೊನೆಗೆ ಆತನ ಕೈಹಿಡಿದದ್ದು ಡಾಲಿಯಂಥವರ ಪೇಂಟಿಂಗು. ಆಬಟ್ ಮಾತ್ರ ಆ ಗಾಜುಗಳನ್ನು ನಾಲ್ಕು ದಶಕ ಕಾದರು. 1956ರಲ್ಲಿ ತಾವೇ ಅಟ್ಜೆಯ ಇಪ್ಪತ್ತು ನೆಗೆಟಿವ್‌ಗಳಿಂದ ಪ್ರಿಂಟ್ ಹಾಕಿ ನೂರು ಸೆಟ್‌ಗಳ ಒಂದು ಸಂಪುಟ ಹೊರತಂದರು. 1968ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ ಇಡೀ ಸಂಗ್ರಹವನ್ನು ಕೊಂಡಿತು.

ಆ 1956ರ ಸಂಪುಟವೇ ನನಗೆ ಕುತೂಹಲದ್ದು. ಅಟ್ಜೆ ಬದುಕಿದ್ದಾಗ ಇಲ್ಲದ ಮಿತಿ ಅವರು ಸತ್ತು ಇಪ್ಪತ್ತೊಂಬತ್ತು ವರ್ಷಕ್ಕೆ ಬಂತು. ಅದೇ ಗಾಜು, ಆದರೆ ಕೈ ಬೇರೆ, ಪೇಪರ್ ಬೇರೆ, ಕಾಲ ಬೇರೆ. ಆ ಸೆಟ್ಟಿನಿಂದ ಬಿಡಿಯಾಗಿ ಬಂದ ಒಂದು ಪ್ರಿಂಟ್ ನನ್ನಲ್ಲಿದೆ. ಮಗಳು ಅರ್ಧ ದುಡ್ಡು ಹಾಕಿದಳು, ‘ಅಪ್ಪ, ಇದರಲ್ಲಿ ಒಂದು ಫ್ರಿಜ್ ಬರುತ್ತಿತ್ತು’ ಎಂದೂ ಹೇಳಿದಳು. ಅದನ್ನು ಅಟ್ಜೆಯ ಪ್ರಿಂಟ್ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅಟ್ಜೆಯ ಚಿತ್ರ, ಆಬಟ್ ಹಾಕಿದ ಪ್ರಿಂಟ್.

ಮಿತಿ ಹಾಕುವ ಪದ್ಧತಿ ಫೋಟೋದವರು ಹುಟ್ಟಿಸಿದ್ದಲ್ಲ. ತಾಮ್ರದ ತಗಡಿನ ಮೇಲೆ ಗೀರಿ ಅಚ್ಚು ತೆಗೆಯುವ ಎಚಿಂಗ್‌ನವರಿಂದ ಬಂದದ್ದು. ಪ್ರತಿ ಸಲ ಪ್ರೆಸ್ಸಿನಡಿ ಹೋದಾಗಲೂ ತಗಡಿನ ಗೆರೆ ಒರಳುಕಲ್ಲಿನ ಕಚ್ಚಿನಂತೆ ಸವೆಯುತ್ತದೆ. ಮೊದಲ ಅಚ್ಚು ಗರಿಗರಿ, ನೂರನೆಯದು ಮಂಕು. ಹಾಗಾಗಿ ನಿಮ್ಮ ಪ್ರತಿ ಎಷ್ಟನೆಯದು ಎಂದು ಕೇಳುವುದಕ್ಕೆ ಅರ್ಥವಿತ್ತು. ನೆಗೆಟಿವ್ ಸವೆಯುವುದಿಲ್ಲ. ಗೀರು ಬೀಳಬಹುದು, ಗಾಜು ಒಡೆಯಬಹುದು, ಬೂಷ್ಟು ಹಿಡಿಯಬಹುದು, ಆದರೆ ಬೆಳಕು ಹಾಯ್ದದ್ದಕ್ಕೆ ಅದು ಸವೆಯದು. ಸಾವಿರನೆಯ ಪ್ರಿಂಟ್ ಮೊದಲನೆಯದಕ್ಕಿಂತ ಚೆನ್ನಾಗಿಯೂ ಬರಬಹುದು. ಎಷ್ಟೋ ಸಲ ನನಗೆ ಹಾಗೇ ಬಂದಿದೆ, ಯಾಕೆಂದರೆ ಅಷ್ಟರಲ್ಲಿ ಆ ನೆಗೆಟಿವ್‌ನ ಮರ್ಜಿ ತಿಳಿದಿರುತ್ತದೆ. ಅಟ್ಜೆಯ ಬಗ್ಗೆ 1931ರಲ್ಲೇ ಬರೆದ ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ ಕೆಲವು ವರ್ಷಗಳ ನಂತರ ಇನ್ನೊಂದು ಪ್ರಬಂಧದಲ್ಲಿ, ಒಂದು ನೆಗೆಟಿವ್‌ನಿಂದ ಎಷ್ಟು ಬೇಕಾದರೂ ಪ್ರಿಂಟ್ ತೆಗೆಯಬಹುದಾದ ಮೇಲೆ ಅವುಗಳಲ್ಲಿ ‘ಅಸಲಿ’ ಯಾವುದು ಎಂದು ಕೇಳುವುದೇ ಅರ್ಥವಿಲ್ಲದ್ದು ಎಂಬ ವಾದ ಮಂಡಿಸಿದರು. ಡಾರ್ಕ್‌ರೂಮಿನಲ್ಲಿ ನಿಂತು ದುಡಿದವನಾಗಿ ನಾನು ಇದಕ್ಕೆ ಅರ್ಧ ಮಾತ್ರ ತಲೆಯಾಡಿಸುತ್ತೇನೆ. ಎಣಿಕೆಯ ಮಟ್ಟಿಗೆ ಅವರು ಹೇಳಿದ್ದು ಸರಿ. ಆದರೆ ಒಂದು ಪ್ರಿಂಟಿನ ಹಿಂದೆ ಯಾರ ಕೈ, ಯಾವ ಪೇಪರ್, ಯಾವ ವರ್ಷ ಎಂಬುದು ಅರ್ಥವಿಲ್ಲದ ಪ್ರಶ್ನೆಯಲ್ಲ.

ಮಾರುಕಟ್ಟೆ ಕುದುರಲು ಬಹಳ ಕಾಲ ಹಿಡಿಯಿತು. 1954ರಲ್ಲಿ ಹೆಲೆನ್ ಗೀ ಎಂಬಾಕೆ ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ ‘ಲೈಮ್‌ಲೈಟ್’ ತೆರೆದರು. ಮುಂದೆ ಕಾಫಿ ಹೋಟೆಲು, ಒಳಗೆ ಫೋಟೋ ಗ್ಯಾಲರಿ. ಗ್ಯಾಲರಿಯ ಬಾಡಿಗೆ ಕಟ್ಟಿದ್ದು ಕಾಫಿ. ಏಳು ವರ್ಷಕ್ಕೆ ಅದೂ ಮುಚ್ಚಿತು. ಲೀ ವಿಟ್ಕಿನ್ 1969ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದ ಗ್ಯಾಲರಿ ಉಳಿದುಕೊಂಡಿತು. 1971ರಲ್ಲಿ ಲಂಡನ್ನಿನ ಫೋಟೋಗ್ರಾಫರ್ಸ್ ಗ್ಯಾಲರಿ, 1975ರಲ್ಲಿ ಪ್ಯಾರಿಸಿನ ಅಗಾತ್ ಗಯ್ಯಾರ್ ಗ್ಯಾಲರಿ. ಇದೇ ಹೊತ್ತಿಗೆ ಪೆಟ್ಟಿಗೆಯಲ್ಲಿಟ್ಟ ‘ಪೋರ್ಟ್‌ಫೋಲಿಯೋ’ಗಳು ಬಂದವು. ನ್ಯೂಯಾರ್ಕಿನ ಬೀದಿಗಳನ್ನು ಲೈಕಾ ಕ್ಯಾಮೆರಾದಲ್ಲಿ ಗುಡಿಸಿ ಹಾಕಿದ ಗ್ಯಾರಿ ವಿನೊಗ್ರಾಂಡ್ ಅವರ ಹದಿನೈದು ಚಿತ್ರಗಳ ಸೆಟ್ಟನ್ನು 1974ರಲ್ಲಿ ಡಬಲ್ ಎಲಿಫೆಂಟ್ ಪ್ರೆಸ್ ಹೊರತಂದಿತು, ಮಿತಿ 75. ತಮಾಷೆಯೆಂದರೆ ಇದೇ ವಿನೊಗ್ರಾಂಡ್ 1984ರಲ್ಲಿ ತೀರಿಕೊಂಡಾಗ ತೊಳೆಯದ ರೋಲುಗಳೇ ಸುಮಾರು 2,500 ಉಳಿದಿದ್ದವು. ಮಿತಿ ಎಂಬುದು ಆ ಮನುಷ್ಯನ ಜಾಯಮಾನದಲ್ಲೇ ಇರಲಿಲ್ಲ.

ವ್ಯಾಪಾರಿಗಳು ಇನ್ನೊಂದು ಮೆಟ್ಟಿಲು ಕಟ್ಟಿದರು, ‘ವಿಂಟೇಜ್’. ಚಿತ್ರ ತೆಗೆದ ಆಸುಪಾಸಿನ ವರ್ಷಗಳಲ್ಲೇ ಹಾಕಿದ ಪ್ರಿಂಟ್ ವಿಂಟೇಜ್, ದಶಕಗಳ ನಂತರ ಅದೇ ನೆಗೆಟಿವ್‌ನಿಂದ ಹಾಕಿದ್ದು ‘ಲೇಟರ್ ಪ್ರಿಂಟ್’. ಇದಕ್ಕೆ ಆಬಟ್ ಅವರೇ ಒಳ್ಳೆಯ ಉದಾಹರಣೆ. 1932ರ ಚಳಿಗಾಲದ ಒಂದು ಸಂಜೆ, ಆಫೀಸುಗಳ ದೀಪ ಆರುವ ಮುನ್ನ, ಎಂಪೈರ್ ಸ್ಟೇಟ್ ಕಟ್ಟಡದ ಮೇಲಂತಸ್ತಿನಿಂದ ಹದಿನೈದು ನಿಮಿಷದ ಒಂದೇ ಎಕ್ಸ್‌ಪೋಶರ್‌ನಲ್ಲಿ ನ್ಯೂಯಾರ್ಕಿನ ರಾತ್ರಿಯನ್ನು ಹಿಡಿದರು. ಆಮೇಲೆ 1935ರಿಂದ 1939ರವರೆಗೆ ಸರ್ಕಾರದ ಫೆಡರಲ್ ಆರ್ಟ್ ಪ್ರಾಜೆಕ್ಟ್‌ನ ಸಂಬಳದಲ್ಲಿ, ಬದಲಾಗುತ್ತಿದ್ದ ಆ ನಗರವನ್ನು 8×10 ಇಂಚಿನ ಕ್ಯಾಮೆರಾದಲ್ಲಿ ದಾಖಲಿಸಿದರು. ಅವರು ತೀರಿಕೊಂಡದ್ದು 1991ರಲ್ಲಿ. ಎಪ್ಪತ್ತರ ದಶಕದ ಮೇಲೆ ಕೊಳ್ಳುವವರು ಹುಟ್ಟಿಕೊಂಡಾಗ ಆ ಹಳೆಯ ನೆಗೆಟಿವ್‌ಗಳಿಂದಲೇ ಹೊಸ ಪ್ರಿಂಟ್ ಬಂದವು, ದೊಡ್ಡ ಸೈಜಿನಲ್ಲಿ, ಅವರ ಸಹಿಯೊಂದಿಗೆ. ಎರಡನ್ನೂ ಅಕ್ಕಪಕ್ಕ ನೋಡಿದ್ದೇನೆ. ಮೂವತ್ತರ ದಶಕದ್ದು ಚಿಕ್ಕದು, ಬೆಚ್ಚನೆಯ ಕಪ್ಪು, ಮೂಲೆ ಮಡಿಸಿದ್ದು. ಆಮೇಲಿನದು ದೊಡ್ಡದು, ಸ್ವಚ್ಛ, ಗೋಡೆಗೆ ಒಪ್ಪುವಂಥದ್ದು. ಹರಾಜಿನಲ್ಲಿ ಗೆಲ್ಲುವುದು ಮೂಲೆ ಮಡಿಸಿದ್ದು. ನನ್ನ ಮತವೂ ಅದಕ್ಕೇ.

ಹಾಗಾದರೆ ಮೂವತ್ತು, ಹದಿನೈದು, ಹತ್ತು ಎಂಬ ಇಂದಿನ ಅಂಕಿಗಳು ಎಲ್ಲಿಂದ ಬಂದವು? ಒಂದು ಪಾಲು ಗ್ಯಾಲರಿಯವರ ಲೆಕ್ಕಾಚಾರ. ಪ್ರತಿ ಮಾರಾಟವಾದ ಹಾಗೆ ಉಳಿದವುಗಳ ಬೆಲೆ ಏರಿಸುತ್ತ ಹೋಗುತ್ತಾರೆ. ಇನ್ನೊಂದು ಪಾಲು ತೆರಿಗೆ ಇಲಾಖೆಯದು. ಫ್ರಾನ್ಸ್ ಮತ್ತು ಯುರೋಪಿಯನ್ ಒಕ್ಕೂಟದ ವ್ಯಾಟ್ ನಿಯಮದ ಪ್ರಕಾರ ಫೋಟೋ ಕಲಾಕೃತಿ ಎನಿಸಿಕೊಳ್ಳಬೇಕಾದರೆ ಅದನ್ನು ಕಲಾವಿದರೇ ಅಥವಾ ಅವರ ಉಸ್ತುವಾರಿಯಲ್ಲಿ ಪ್ರಿಂಟ್ ಹಾಕಿರಬೇಕು, ಸಹಿ ಮತ್ತು ಸಂಖ್ಯೆ ಇರಬೇಕು, ಎಲ್ಲ ಸೈಜುಗಳೂ ಸೇರಿ ಮೂವತ್ತು ಪ್ರತಿ ಮೀರಬಾರದು. ಮೂವತ್ತರೊಳಗಿದ್ದರೆ ಕಲೆಗೆ ಸಲ್ಲುವ ರಿಯಾಯಿತಿ, ಮೂವತ್ತೊಂದನೆಯದು ಬಂದರೆ ಸಾಮಾನ್ಯ ಸರಕು. ಸೌಂದರ್ಯಶಾಸ್ತ್ರದ ಪಂಡಿತರು ನೂರು ವರ್ಷ ಜಗಳವಾಡಿ ಬಗೆಹರಿಸದ್ದನ್ನು ಗುಮಾಸ್ತರೊಬ್ಬರು ಒಂದು ವಾಕ್ಯದಲ್ಲಿ ಮುಗಿಸಿದರು. ನನಗೆ ಅವರ ಬಗ್ಗೆ ಗೌರವವಿದೆ.

ಮಿತಿಯೇ ಹಾಕದ ದೊಡ್ಡ ಫೋಟೋಗ್ರಾಫರುಗಳೂ ಇದ್ದರು. ಆನ್ರಿ ಕಾರ್ತಿಯೆ ಬ್ರೆಸ್ಸೋ ತಮ್ಮ ಪ್ರಿಂಟ್‌ಗಳಿಗೆ ಅಂಚಿನಲ್ಲಿ ಸಹಿ ಹಾಕುತ್ತಿದ್ದರು, ಎಣಿಕೆ ಬರೆಯುತ್ತಿರಲಿಲ್ಲ. ನಂತರದ ದಶಕಗಳಲ್ಲಿ ಪ್ರಿಂಟ್ ಹಾಕುವ ಕೆಲಸಕ್ಕೂ ಅವರು ಕೈಹಚ್ಚುತ್ತಿರಲಿಲ್ಲ. ಅದು ಪ್ಯಾರಿಸಿನಲ್ಲಿ ಪಿಯೇರ್ ಗಾಸ್ಮನ್ ಸ್ಥಾಪಿಸಿದ ‘ಪಿಕ್ಟೋ’ ಲ್ಯಾಬಿನವರ ಪಾಲಿಗಿತ್ತು. ಅಲ್ಲಿ ಯುಗೊಸ್ಲಾವಿಯಾದಿಂದ ಬಂದ ವೊಯಾ ಮಿತ್ರೊವಿಚ್ ಎಂಬ ಪ್ರಿಂಟರ್ ದಶಕಗಳ ಕಾಲ ಈ ಚಿತ್ರಗಳನ್ನು ಟ್ರೇಯಿಂದ ಎತ್ತಿದರು. ಕೊಳ್ಳುವವರಲ್ಲಿ ಆ ಹೆಸರು ಬಲ್ಲವರು ವಿರಳ, ಪ್ರಿಂಟರುಗಳಲ್ಲಿ ಅರಿಯದವರು ವಿರಳ. ಒಂದು ಒದ್ದೆ ನೆಲ, ಅದರ ಮೇಲೆ ಹಾರುತ್ತಿರುವ ಮನುಷ್ಯ, ಅವನ ನೆರಳು: ಸೇಂಟ್ ಲಜಾರ್ ರೈಲ್ವೆ ಸ್ಟೇಷನ್ನಿನ ಹಿಂದೆ 1932ರಲ್ಲಿ ತೆಗೆದ ಚಿತ್ರ. ಅದರ 1946ರ ಪ್ರಿಂಟೊಂದು 2011ರ ನವೆಂಬರಿನಲ್ಲಿ ಪ್ಯಾರಿಸಿನ ಹರಾಜಿನಲ್ಲಿ 4,33,000 ಯೂರೋಗೆ ಹೋಯಿತು. ಅಷ್ಟು ದುಡ್ಡು ಬಂದದ್ದು ಪ್ರತಿ ಸಂಖ್ಯೆಗಲ್ಲ, 1946 ಎಂಬ ವರ್ಷಕ್ಕೆ. ರಾಬರ್ಟ್ ದ್ವಾನೋ ಅವರ ಕಥೆಯೂ ಹೀಗೇ. 1950ರಲ್ಲಿ ಪ್ಯಾರಿಸಿನ ಪುರಭವನದೆದುರು ತರುಣ ತರುಣಿ ಮುತ್ತಿಡುವ ಅವರ ಚಿತ್ರ ಎಂಬತ್ತರ ದಶಕದಲ್ಲಿ ಪೋಸ್ಟರ್ ಆಗಿ ಜಗತ್ತಿನ ಹಾಸ್ಟೆಲ್ ಕೋಣೆಗಳನ್ನೆಲ್ಲ ತುಂಬಿತು. ಆ ಚಿತ್ರಕ್ಕೆ ನಿಂತಿದ್ದ ನಟಿಗೆ ತೆಗೆದ ಕೆಲವೇ ದಿನಗಳಲ್ಲಿ ದ್ವಾನೋ ಒಂದು ಪ್ರಿಂಟ್ ಕೊಟ್ಟಿದ್ದರು, ಸಹಿ ಮತ್ತು ಸ್ಟುಡಿಯೋ ಮೊಹರಿನೊಂದಿಗೆ. 2005ರಲ್ಲಿ ಅದು 1,55,000 ಯೂರೋಗೆ ಕೂಗಿಹೋಯಿತು. ಲಕ್ಷಗಟ್ಟಲೆ ಪೋಸ್ಟರುಗಳಿದ್ದರೂ ಅದರ ಬೆಲೆಗೆ ಏನೂ ಆಗಲಿಲ್ಲ.

ಮಿತಿ ಎಂಬ ಮಾತು ಎಷ್ಟು ಗಟ್ಟಿ ಎಂಬ ಪ್ರಶ್ನೆ 2012ರಲ್ಲಿ ನ್ಯೂಯಾರ್ಕಿನ ಕೋರ್ಟಿಗೇ ಹೋಯಿತು. ಮೆಂಫಿಸ್ ನಗರದ ವಿಲಿಯಂ ಎಗಲ್‌ಸ್ಟನ್ ಬಣ್ಣದ ಫೋಟೋಗೆ ಮರ್ಯಾದೆ ತಂದವರು. ಹಳೆಯ ಡೈ ಟ್ರಾನ್ಸ್‌ಫರ್ ವಿಧಾನದಲ್ಲಿ ಅವರ ಚಿತ್ರಗಳ ಮಿತ ಪ್ರತಿಗಳು ಮಾರಾಟವಾಗಿದ್ದವು. ಆ ವರ್ಷ ಮಾರ್ಚಿನಲ್ಲಿ ಅವೇ ಚಿತ್ರಗಳಲ್ಲಿ ಕೆಲವನ್ನು ಹೊಸ ಡಿಜಿಟಲ್ ವಿಧಾನದಲ್ಲಿ ಬಹಳ ದೊಡ್ಡದಾಗಿ ಪ್ರಿಂಟ್ ಮಾಡಿ ಹರಾಜಿಗಿಟ್ಟರು. 36 ಪ್ರಿಂಟ್‌ಗಳಿಂದ 59 ಲಕ್ಷ ಡಾಲರ್ ಬಂತು. ಮಕ್ಕಳ ಮೂರು ಚಕ್ರದ ಸೈಕಲ್ಲಿನ ಚಿತ್ರವೊಂದೇ 5,78,500 ಡಾಲರ್. ಹಳೆಯ ಪ್ರತಿ ಕೊಂಡಿದ್ದ ಸಂಗ್ರಾಹಕರೊಬ್ಬರು ಇದು ಮೋಸ ಎಂದು ದಾವೆ ಹೂಡಿದರು. ಮುಂದಿನ ವರ್ಷ ನ್ಯಾಯಾಲಯ ಅದನ್ನು ವಜಾ ಮಾಡಿತು: ಸೈಜು ಬೇರೆ, ವಿಧಾನ ಬೇರೆ, ಆದ್ದರಿಂದ ಇದು ಬೇರೆಯೇ ಆವೃತ್ತಿ. ನನಗೆ ಕೇಳಿದರೆ ಕಾನೂನು ಸರಿ, ಆ ಸಂಗ್ರಾಹಕರ ಸಂಕಟವೂ ಸರಿ. ಕೊಳ್ಳುವವರು ಇದರಿಂದ ತಿಳಿಯಬೇಕಾದದ್ದು ಇಷ್ಟೇ: ಪ್ರತಿ ಸಂಖ್ಯೆಯನ್ನು ಕೇಳಿದಾಗ ‘ಯಾವ ಸೈಜಿನಲ್ಲಿ, ಯಾವ ವಿಧಾನದಲ್ಲಿ, ಎಲ್ಲ ಸೇರಿ ಎಷ್ಟು’ ಎಂದೂ ಕೇಳಿ, ಬರೆಸಿಕೊಳ್ಳಿ.

ಶಿಕಾಗೋದ ವಿವಿಯನ್ ಮೇಯರ್ ಪ್ರಕರಣ ಇನ್ನೂ ವಿಚಿತ್ರ. ಪರರ ಮಕ್ಕಳನ್ನು ನೋಡಿಕೊಳ್ಳುವ ಆಯಾ ಆಗಿ ದುಡಿದ ಆಕೆ ನ್ಯೂಯಾರ್ಕ್, ಶಿಕಾಗೋ ಬೀದಿಗಳಲ್ಲಿ ಲಕ್ಷಕ್ಕೂ ಹೆಚ್ಚು ನೆಗೆಟಿವ್ ತುಂಬಿಸಿದರು, ಯಾರಿಗೂ ತೋರಿಸಲಿಲ್ಲ. ಗೋದಾಮಿನ ಬಾಡಿಗೆ ಕಟ್ಟಲಾಗದೆ 2007ರಲ್ಲಿ ಪೆಟ್ಟಿಗೆಗಳು ಹರಾಜಾದವು. 2009ರಲ್ಲಿ ಆಕೆ ತೀರಿಕೊಂಡರು. ಕೊಂಡವರು ಆ ನೆಗೆಟಿವ್‌ಗಳಿಂದ ಹದಿನೈದು ಹದಿನೈದು ಪ್ರತಿಗಳ ಆವೃತ್ತಿ ಹೊರಡಿಸಿದರು. ಆಮೇಲೆ ಹಕ್ಕುಸ್ವಾಮ್ಯದ ವ್ಯಾಜ್ಯ ಕೋರ್ಟು ಹತ್ತಿತು. ಪ್ರಿಂಟ್‌ಗಳು ಚೆನ್ನಾಗಿವೆ, ಅನುಮಾನವಿಲ್ಲ. ಆದರೆ ಆಕೆ ಆಯ್ಕೆ ಮಾಡದ, ಆಕೆ ಹಾಕದ, ಆಕೆ ಸಹಿ ಮಾಡದ ಪ್ರಿಂಟಿಗೆ ಹದಿನೈದರ ಮಿತಿ ಹಾಕಿದವರು ಮಾರುವವರೇ ಎಂಬುದನ್ನು ಮರೆಯಬಾರದು.

ಇನ್ನು ಖೋಟಾ ಮಾಲು. ಎಂಪೈರ್ ಸ್ಟೇಟ್ ಕಟ್ಟುವ ಕೂಲಿಗಳನ್ನು ಆಕಾಶದಲ್ಲಿ ನಿಂತು ತೆಗೆದ ಲೂಯಿಸ್ ಹೈನ್ ತೀರಿಕೊಂಡದ್ದು 1940ರಲ್ಲಿ. ಅವರೇ ಹಾಕಿದ್ದೆಂದು, ಸಹಿ ಮೊಹರುಗಳ ಸಮೇತ ಮಾರಾಟವಾದ ಹಲವು ಪ್ರಿಂಟ್‌ಗಳ ಪೇಪರ್ ಅವರು ಸತ್ತ ಮೇಲಿನದು ಎಂದು ತೊಂಬತ್ತರ ದಶಕದ ಕೊನೆಗೆ ಬಯಲಾಯಿತು. ಹಿಡಿದದ್ದು ಅಲ್ಟ್ರಾವಯಲೆಟ್ ದೀಪ. ಪೇಪರ್ ಇನ್ನಷ್ಟು ಬೆಳ್ಳಗೆ ಕಾಣಲೆಂದು ತಯಾರಕರು ರಾಸಾಯನಿಕ ಹೊಳಪು ಸೇರಿಸತೊಡಗಿದ್ದು 1950ರ ದಶಕದಲ್ಲಿ. ಆ ದೀಪದಡಿ ಅಂಥ ಪೇಪರ್ ನೀಲಿಯಾಗಿ ಮಿನುಗುತ್ತದೆ, ಅದಕ್ಕೂ ಹಿಂದಿನದು ಮಂಕಾಗಿಯೇ ಇರುತ್ತದೆ. ಅವೆನ್ಯೂ ರಸ್ತೆಯ ಅಂಗಡಿಯವರು ಕಳ್ಳನೋಟು ನೋಡಲು ಇಟ್ಟುಕೊಳ್ಳುವ ಪುಟ್ಟ ಟಾರ್ಚ್ ಇದಕ್ಕೆ ಸಾಕು. ನನ್ನ ಜೇಬಿನಲ್ಲಿ ಒಂದಿದೆ. ನ್ಯೂಯಾರ್ಕಿನಲ್ಲಿ ಅದನ್ನು ತೆಗೆದರೆ ಮಾರಾಟದ ಹುಡುಗರ ನಗು ಸ್ವಲ್ಪ ಕಡಿಮೆಯಾಗುತ್ತದೆ.

ನಮ್ಮ ಕಡೆಯ ಮಾತು ಒಂದಿಷ್ಟು. ಮೈಸೂರಿನ ಟಿ.ಎಸ್. ಸತ್ಯನ್ ಬೀದಿಯ ಮಕ್ಕಳನ್ನು, ಅಂಗಡಿ ಜಗಲಿಗಳನ್ನು, ಸಾಮಾನ್ಯರನ್ನು ‘ಲೈಫ್’ನಂಥ ಪತ್ರಿಕೆಗಳವರೆಗೆ ಮುಟ್ಟಿಸಿದವರು. 1979ರಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನವಾದವು. ಅವರ ಕಾಲದ ಪ್ರಿಂಟ್‌ಗಳು ಪತ್ರಿಕಾ ಕಚೇರಿಗಳಿಗೆ ಹೋಗಲು ಹಾಕಿದವು. ಅವುಗಳಿಗೆ ಮಿತಿ ಹಾಕಿದ್ದು ಅಂಚೆ ಖರ್ಚು ಒಂದೇ. ಈಗ ಅವರ ಸಂಗ್ರಹ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಯಲ್ಲಿದೆ. ಹೋಗಿ ನೋಡಿ. ಆದರೆ ಸತ್ಯನ್‌ರಂತೆ ಹೆಸರಾಗದ ಎಷ್ಟೋ ಜನ ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರು, ದಾವಣಗೆರೆಗಳಲ್ಲಿ ಸ್ಟುಡಿಯೋ ಇಟ್ಟು, ಮದುವೆ ಮುಂಜಿಯ ನಡುವೆ ಊರ ಬೀದಿಯನ್ನೂ ತೆಗೆದಿಟ್ಟಿದ್ದಾರೆ. ಅವರ ಪ್ರಿಂಟ್‌ಗಳು ಒಂದೋ ಎರಡೋ ಪ್ರತಿ ಮಾತ್ರ ಉಳಿದಿರುತ್ತವೆ, ನೆಗೆಟಿವ್ ಬೆಳ್ಳಿಗಾಗಿ ಗುಜರಿಗೆ ಹೋಗಿರುತ್ತದೆ. ಅವುಗಳಿಗೆ ಹರಾಜಿಲ್ಲ, ಗ್ಯಾಲರಿಯಿಲ್ಲ.

ನಿಮ್ಮ ಮನೆಯ ಟ್ರಂಕಿನಲ್ಲಿ ಅಂಥ ಪ್ರಿಂಟ್ ಇದ್ದರೆ ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ, ಅಂಟು ಹಾಳೆಯ ಆಲ್ಬಮಿಗೆ ಅಂಟಿಸಬೇಡಿ, ಸ್ಟುಡಿಯೋ ಮೊಹರಿರುವ ರಟ್ಟನ್ನು ಕಿತ್ತು ಬಿಸಾಡಬೇಡಿ. ಮನೆಯ ಹಿರಿಯರನ್ನು ಕೂರಿಸಿ ಕೇಳಿ, ಯಾವ ಊರು, ಯಾವ ಬೀದಿ, ಯಾವ ವರ್ಷ, ತೆಗೆದವರು ಯಾರು ಎಂದು ಬೆನ್ನಿನ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆದಿಡಿ. ಬಾಲ್‌ಪೆನ್ ಬೇಡ. ಒತ್ತಿದ ಗೆರೆ ಮುಂಭಾಗಕ್ಕೆ ಉಬ್ಬಿ ಬರುತ್ತದೆ, ಶಾಯಿಯೂ ಹರಡುತ್ತದೆ.